ನಾಗಂದಿಗೆಯಿಂದ ಊಟದ ಮೇಜಿಗೆ: ಅಜ್ಜಿಯ ಪಿಂಗಾಣಿಯ ಆರು ವಾರ

ಏಪ್ರಿಲ್ 6

ಮೇ 18ಕ್ಕೆ ಅಮ್ಮನಿಗೆ ಎಪ್ಪತ್ತು ತುಂಬುತ್ತದೆ. ಛತ್ರ ಬೇಡ, ಹೋಟೆಲು ಬೇಡ, ಶಿವಮೊಗ್ಗದ ಮನೆಯಲ್ಲೇ ಹನ್ನೆರಡು ಜನ ಕುಳಿತು ಊಟ ಮಾಡೋಣ ಎಂದು ತೀರ್ಮಾನವಾಯಿತು. ಉಡುಗೊರೆ ಏನು ಬೇಕೆಂದು ಕೇಳಿದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಅತ್ತೆಯ ಪಿಂಗಾಣಿ ಊರಮನೆಯ ನಾಗಂದಿಗೆ ಸೇರಿ ಮೂವತ್ತು ವರ್ಷವಾಯಿತು. ಅದನ್ನು ಒಂದು ಸಲ ಊಟದ ಮೇಜಿನ ಮೇಲೆ ನೋಡಬೇಕು."

ಇವತ್ತು ಸಾಗರದ ಕಡೆಯ ಊರಮನೆಗೆ ಹೋಗಿ ಪೆಟ್ಟಿಗೆ ಇಳಿಸಿದೆ. ಹಲಸಿನ ಮರದ ಪೆಟ್ಟಿಗೆ, ಒಳಗೆ ಬೈಹುಲ್ಲು. ಹುಲ್ಲು ಪುಡಿಯಾಗಿತ್ತು, ಆದರೆ ತನ್ನ ಕೆಲಸ ಮಾಡಿತ್ತು. ಸಿಕ್ಕಿದ್ದು ಇಷ್ಟು: ನೀಲಿ ಚಿತ್ರದ ಮೊಟ್ಟೆಯಾಕಾರದ ದೊಡ್ಡ ಹರಿವಾಣ, 41 ಸೆಂಟಿಮೀಟರ್ ಉದ್ದ, ಐದು ಚೂರು, ಉಪ್ಪಿನಕಾಯಿಯ ದೊಡ್ಡ ಜಾಡಿ, ಚಿನ್ನದ ಅಂಚಿನ ಆರು ಕಪ್ ಮತ್ತು ಐದು ಸಾಸರ್, ಗುಲಾಬಿ ಹೂವಿನ ಎರಡು ತಟ್ಟೆ.

ಹರಿವಾಣ ಮೊದಲು ಯಾವಾಗಲೋ ಒಡೆದು, ಯಾರೋ ಅಂಟಿಸಿ, ಆ ಅಂಟೂ ಸೋತು ಮತ್ತೆ ಬಿಟ್ಟುಕೊಂಡಿದೆ. ಬಿರುಕಿನ ಅಂಚುಗಳಲ್ಲಿ ಬೆಲ್ಲದ ಪಾಕದ ಬಣ್ಣದ ಗಟ್ಟಿ ಪದರ. ಅಂಚಿನಲ್ಲಿ ಹುಣಸೆ ಬೀಜದಷ್ಟು ಒಂದು ಚೂರು ಇಲ್ಲವೇ ಇಲ್ಲ. ಪೆಟ್ಟಿಗೆಯ ಹುಲ್ಲನ್ನೆಲ್ಲ ಮೊರದಲ್ಲಿ ಕೇರಿ ನೋಡಿದೆ, ಸಿಗಲಿಲ್ಲ.

ಏಪ್ರಿಲ್ 7

ಇಂದು ಏನನ್ನೂ ತೊಳೆಯಲಿಲ್ಲ. ಮುಟ್ಟಿ, ತಟ್ಟಿ, ತಿರುಗಿಸಿ ನೋಡಿದ್ದಷ್ಟೇ. ಒಂದೊಂದು ಪಾತ್ರೆಯನ್ನೂ ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿಯಾಗಿದ್ದರೆ ದನಿ ಎಳೆದುಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಸೀಳಿದ್ದರೆ ಅಲ್ಲೇ ಸಾಯುತ್ತದೆ. ಕಪ್‌ಗಳಲ್ಲಿ ನಾಲ್ಕು ಚೆನ್ನಾಗಿ ದನಿಗೊಟ್ಟವು. ಒಂದರ ಅಂಚು ಚಕ್ಕೆ ಎದ್ದಿದೆ. ಇನ್ನೊಂದರ ಹಿಡಿಯನ್ನು ಹಿಂದೆಂದೋ ಅಂಟಿಸಿದ್ದಾರೆ.

ಹರಿವಾಣದ ಚಿತ್ರ ವಿಲೋ ಮಾದರಿಯದು: ಬಾಗಿದ ಮರ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿ. ನೋಡಿದರೆ ಚೀನಾದ್ದೆನಿಸುತ್ತದೆ, ಆದರೆ ಈ ಮಾದರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 18ನೇ ಶತಮಾನದ ಕೊನೆಯಲ್ಲಿ, ಚೀನಾದಿಂದ ಬರುತ್ತಿದ್ದ ನೀಲಿ ಪಿಂಗಾಣಿಯನ್ನು ಅನುಕರಿಸಿ. ತಾಮ್ರದ ಹಲಗೆಯಲ್ಲಿ ಕೊರೆದ ಚಿತ್ರವನ್ನು ತೆಳು ಕಾಗದಕ್ಕೆ ಇಳಿಸಿ, ಕಾಗದದಿಂದ ತಟ್ಟೆಗೆ ಒತ್ತಿ, ಮೇಲೆ ಗಾಜಿನಂಥ ಮೆರುಗು ಕೊಟ್ಟು ಸುಡುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ಬಳ್ಳಿಯ ಒಂದು ಕಡೆ ಕಾಗದದ ಎರಡು ತುದಿ ಸರಿಯಾಗಿ ಕೂಡದ ಜಾಗ ಕಾಣುತ್ತದೆ. ನೂರು ವರ್ಷದ ಹಿಂದೆ ಯಾರೋ ಆ ಕಾಗದವನ್ನು ಕೈಯಲ್ಲೇ ಹೊಂದಿಸಿದ್ದರು ಎಂಬುದಕ್ಕೆ ಅದೇ ಗುರುತು. ನನಗೆ ಇಡೀ ಹರಿವಾಣದಲ್ಲಿ ತುಂಬಾ ಇಷ್ಟವಾದ ಜಾಗ ಅದು.

ಬೆನ್ನಿನ ಮುದ್ರೆಯಲ್ಲಿ ಉಳಿದಿರುವುದು 'ಇಂಗ್ಲೆಂಡ್' ಎಂಬ ಪದ ಮಾತ್ರ. ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕೆಂಬ ಕಾನೂನು 1891ರಲ್ಲಿ ಜಾರಿಯಾಯಿತು. ಆ ಪದವಿದ್ದರೆ ಸಾಮಾನ್ಯವಾಗಿ ಅದರ ನಂತರದ್ದು ಎಂದು ಲೆಕ್ಕ. ಕಪ್‌ಗಳ ಬೆನ್ನಿನ 'ಮೇಡ್ ಇನ್ ಜಪಾನ್' ಕೂಡ ಹೀಗೆಯೇ ಸಾಕ್ಷಿ ಹೇಳುತ್ತದೆ: ಅದೇ ಅಮೆರಿಕದ ಸುಂಕದವರು 1921ರಲ್ಲಿ 'ನಿಪ್ಪಾನ್' ಎಂಬ ಹೆಸರು ಸಲ್ಲದು, 'ಜಪಾನ್' ಎಂದೇ ಬರೆಯಬೇಕು ಎಂದರು. ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ಬಂಗಲೆಯೊಂದು ಖಾಲಿಯಾದಾಗ ಹರಾಜಿನಲ್ಲಿ ಅಜ್ಜ ಇವನ್ನೆಲ್ಲ ಕೊಂಡದ್ದು ಎಂದು ಅಮ್ಮ ಹೇಳುತ್ತಾಳೆ. ಮುದ್ರೆಗಳು ಆ ಮಾತಿಗೆ ಅಡ್ಡ ಬರುವುದಿಲ್ಲ.

ರಾತ್ರಿ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಬರೆದುಕೊಂಡೆ: ಇದು ಹುಳಿ ತಡೆಯುತ್ತದೆಯೇ, ಬಿಸಿ ತಡೆಯುತ್ತದೆಯೇ, ನೀರು ತಡೆಯುತ್ತದೆಯೇ? ಮೇಜಿನ ಮೇಲೆ ಯಾವುದು ಎಲ್ಲಿ ಕೂರಬೇಕೆಂಬುದನ್ನು ಅಂದಚೆಂದಕ್ಕಿಂತ ಮೊದಲು ಈ ಉತ್ತರಗಳು ನಿರ್ಧರಿಸಬೇಕು.

ಏಪ್ರಿಲ್ 9

ಹರಿವಾಣದ ಹಳೆಯ ಅಂಟು ಯಾವುದೆಂದು ತಿಳಿಯದೆ ಕೈ ಹಾಕುವಂತಿಲ್ಲ. ಸೂಪರ್ ಗ್ಲೂ ಆದರೆ ಅಸಿಟೋನಿಗೆ ಕರಗುತ್ತದೆ, ಬಡಗಿಗಳು ಬಳಸುತ್ತಿದ್ದ, ತೊಗಲು ಬೇಯಿಸಿ ತೆಗೆದ ಸರೇಸಾದರೆ ಬಿಸಿನೀರು ಸಾಕು, ಎಪಾಕ್ಸಿ ಎರಡಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಒಂದು ಮೂಲೆಗೆ ಬೆಚ್ಚನೆಯ ನೀರಿನ ಹತ್ತಿ ಇಟ್ಟೆ. ಹತ್ತು ನಿಮಿಷದಲ್ಲಿ ಮೆತ್ತಗಾಗಿ, ಹಸಿ ತೊಗಲಿನ ವಾಸನೆ ಬಂತು. ಸರೇಸೇ. ಬಿದಿರಿನ ಕಡ್ಡಿಯಿಂದ ತೆಗೆಯುತ್ತ ಹೋದೆ. ಉಕ್ಕಿನ ಚಾಕು ಬಳಸಲಿಲ್ಲ. ಒಡೆದ ಅಂಚಿನ ಮೇಲೆ ಲೋಹ ಎಳೆದರೆ ಬೂದು ಗೆರೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ.

ಒಡೆದ ಅಂಚಿನಲ್ಲಿ ಈ ಪಾತ್ರೆಯ ಒಡಲು ಕಾಣುತ್ತದೆ. ಸೀಮೆಸುಣ್ಣದಂತೆ ಬೆಳ್ಳಗೆ, ನಾಲಿಗೆಗೆ ತಾಗಿಸಿದರೆ ಅಂಟಿಕೊಳ್ಳುವಷ್ಟು ನೀರು ಹೀರುತ್ತದೆ. ಮೇಲೆ ಎಷ್ಟೇ ಹೊಳಪಿರಲಿ, ಒಳಗೆ ಇದು ಮಣ್ಣಿನ ಮಡಕೆಯ ಬಳಗದ್ದೇ. ಜಪಾನಿನ ಕಪ್ ಹಾಗಲ್ಲ. ಅದು ಒಳಗೂ ಗಾಜಿನಂತೆ ಕಟ್ಟಿಕೊಂಡಿರುವ ನಿಜವಾದ ಪಿಂಗಾಣಿ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ನಾವು ಎರಡನ್ನೂ ಪಿಂಗಾಣಿ ಎಂದೇ ಕರೆಯುತ್ತೇವೆ. ರಿಪೇರಿಗೆ ಕುಳಿತಾಗ ಮಾತ್ರ ಇವೆರಡು ಬೇರೆ ಬೇರೆ ಜಾತಿ ಎಂಬುದು ಗೊತ್ತಾಗುತ್ತದೆ.

ಏಪ್ರಿಲ್ 10ರಿಂದ 19

ಹರಿವಾಣದ ಮೆರುಗಿನ ತುಂಬಾ ಜೇಡರ ಬಲೆಯಂಥ ಸಣ್ಣ ಬಿರುಕುಗಳಿವೆ. ಒಡಲು ಮತ್ತು ಮೆರುಗು ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗದೆ ಹೋದಾಗ ಹೀಗಾಗುತ್ತದೆ. ಆ ಬಿರುಕಿನೊಳಗೆ ಎಣ್ಣೆ, ಸಾರು ಇಳಿದು ಕಂದು ಕಲೆಯಾಗಿದೆ. ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ನೆನೆಸಿದರೆ ಬೇಗ ಬೆಳ್ಳಗಾಗುತ್ತದೆ ಎಂದು ಇಬ್ಬರು ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕ್ಲೋರಿನ್ ಬ್ಲೀಚ್ ಒಡಲಿನೊಳಗೆ ಉಪ್ಪು ಬಿಟ್ಟು ಹೋಗುತ್ತದೆ. ಆ ಉಪ್ಪು ಒಣಗಿ ಹರಳಾಗುವಾಗ ಮೆರುಗನ್ನು ಒಳಗಿನಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ.

ಔಷಧಿ ಅಂಗಡಿಯ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ಚೂರುಗಳನ್ನು ಮೊದಲು ಎರಡು ದಿನ ಆರ್‌ಒ ನೀರಿನಲ್ಲಿ ನೆನೆಸಿದೆ. ಒಣಗಿದ ಒಡಲಿಗೆ ನೇರವಾಗಿ ಪೆರಾಕ್ಸೈಡ್ ಹಾಕಿದರೆ ಕಲೆಯನ್ನೇ ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಪೆರಾಕ್ಸೈಡಿಗೆ ಅಷ್ಟೇ ನೀರು ಸೇರಿಸಿ, ಹತ್ತಿಯ ಪದರವನ್ನು ಅದರಲ್ಲಿ ಅದ್ದಿ, ಕಲೆಗಳ ಮೇಲೆ ಹೊದಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕತ್ತಲಲ್ಲಿಟ್ಟೆ. ಕೈಗವಸು ಬೇಕೇ ಬೇಕು. ದಿನಕ್ಕೊಮ್ಮೆ ಹತ್ತಿ ಬದಲಾಯಿಸಿದೆ. ನಾಲ್ಕನೆಯ ದಿನ ಹಕ್ಕಿಗಳ ಸುತ್ತಲಿನ ಆಕಾಶ ತಿಳಿಯಾಯಿತು. ಒಂದು ಕಲೆ, ಸೇತುವೆಯ ಕೆಳಗಿನದು, ಅರ್ಧ ಮಾತ್ರ ಹೋಯಿತು. ಅದನ್ನು ಅಲ್ಲಿಗೇ ಬಿಟ್ಟೆ. ನಂತರ ಮೂರು ದಿನ ಶುದ್ಧ ನೀರಿನಲ್ಲಿ, ನೀರು ಬದಲಿಸುತ್ತ ನೆನೆಸಿದೆ.

ಏಪ್ರಿಲ್ 20ರಿಂದ 29

ಒಣಗಿಸುವುದು. ಬರೆಯಲು ಏನೂ ಇಲ್ಲದಂತೆ ಕಾಣುವ ಈ ಹತ್ತು ದಿನದ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಒಡಲಲ್ಲಿ ತೇವವಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ. ಕಣ್ಣಿಗೆ, ಕೈಗೆ ತೇವ ಗೊತ್ತಾಗದು; ಅಡುಗೆಮನೆಯ ತಕ್ಕಡಿಗೆ ಗೊತ್ತಾಗುತ್ತದೆ. ಐದೂ ಚೂರು ಒಟ್ಟಿಗೆ ಇಟ್ಟರೆ ಮೊದಲ ದಿನ 1,471 ಗ್ರಾಂ. ಮೂರನೆಯ ದಿನ 1,428. ಆರನೆಯ ದಿನ 1,399. ಒಂಬತ್ತನೆಯ ದಿನ 1,391, ಹತ್ತನೆಯ ದಿನವೂ 1,391. ಫ್ಯಾನಿನ ಕೆಳಗೆ ನೆರಳಿನಲ್ಲೇ ಒಣಗಿಸಿದೆ. ಎಂಬತ್ತು ಗ್ರಾಂ ನೀರು! ಒಂದು ಸಣ್ಣ ಲೋಟದಷ್ಟು ನೀರನ್ನು ಈ ಹರಿವಾಣ ಯಾರಿಗೂ ಹೇಳದೆ ಇಟ್ಟುಕೊಳ್ಳಬಲ್ಲದು ಎಂಬುದು ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಸಂಗತಿ.

ಈ ನಡುವೆ ಜಾಡಿಯ ವಿಚಾರಕ್ಕೆ ಅಮ್ಮನಿಗೂ ನನಗೂ ಮಾತು ಬೆಳೆಯಿತು. ಮೇಲ್ಭಾಗ ಕಂದು, ಕೆಳಭಾಗ ಕೆನೆಬಣ್ಣದ, ನಾವೆಲ್ಲ ಬಲ್ಲ ಜಾಡಿ ಅದು; ಕರಾವಳಿಯವರ ಭರಣಿ. ಇದು ಹೆಚ್ಚು ಉರಿಯಲ್ಲಿ, 1,200 ಡಿಗ್ರಿ ಆಸುಪಾಸಿನಲ್ಲಿ ಸುಟ್ಟ ಗಟ್ಟಿ ಒಡಲಿನದು. ಬಾಯಿಯಿಂದ ಒಂದು ಕೂದಲೆಳೆಯ ಸೀಳು ನಾಲ್ಕು ಬೆರಳು ಇಳಿದಿದೆ. ನೀರು ತುಂಬಿ, ಹಳೆಯ ಪತ್ರಿಕೆಯ ಮೇಲೆ ರಾತ್ರಿಯಿಡೀ ಇಟ್ಟೆ. ಕೆಳಗಿನ ಕಾಗದ ಒಣಗಿಯೇ ಇತ್ತು, ಆದರೆ ಸೀಳಿನ ಹೊರಗೆ ಬೆಳಿಗ್ಗೆ ಸಣ್ಣ ಬೆವರು.

"ಅಪ್ಪೆಮಿಡಿ ಬಂದಿದೆ. ಈ ಸಲದ ಮಿಡಿ ಇದರಲ್ಲೇ ಹಾಕೋಣ" ಎಂದಳು ಅಮ್ಮ.

"ಬೇಡ ಅಮ್ಮ. ಸೀಳಿನೊಳಗೆ ಉಪ್ಪುನೀರು ಇಳಿಯುತ್ತದೆ. ಹಳೆಯ ಮೆರುಗಿನಲ್ಲಿ ಸೀಸ ಇದ್ದರೆ ಹುಳಿ ಅದನ್ನು ಎಳೆದುಕೊಳ್ಳುತ್ತದೆ."

"ಅತ್ತೆ ಐವತ್ತು ವರ್ಷ ಇದರಲ್ಲೇ ಹಾಕಿದರು. ನೀನು ಅದನ್ನೇ ತಿಂದು ಬೆಳೆದೆ."

ಅವಳ ಮಾತು ನಿಜ. ಈ ಬಗೆಯ ಜಾಡಿಗಳ ಮೆರುಗಿಗೆ ಸೀಸ ಬೇಕೇ ಬೇಕೆಂದೇನೂ ಇಲ್ಲ, ಎಷ್ಟೋ ಜಾಡಿಗಳಲ್ಲಿ ಇರುವುದೂ ಇಲ್ಲ. ಆದರೆ ಕಣ್ಣಲ್ಲಿ ನೋಡಿ ಅದನ್ನು ಹೇಳಲು ಬರುವುದಿಲ್ಲ, ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಮನೆಯಲ್ಲೇ ಉಜ್ಜಿ ನೋಡುವ ಕಡ್ಡಿಗಳು ಮೆರುಗಿನೊಳಗೆ ಬಂಧಿಯಾದ ಸೀಸವನ್ನು ತೋರಿಸದೆ ಹೋಗಬಹುದು. ಮಿಡಿ ಉಪ್ಪಿನಕಾಯಿ ತಿಂಗಳುಗಟ್ಟಲೆ ಅಲ್ಲೇ ಕೂರುವಂಥದ್ದು. ಸೀಳೂ ಇರುವಾಗ ನಾನು ಒಪ್ಪಲಾರೆ. ಇಂಗ್ಲೆಂಡಿನ ಹರಿವಾಣದ ಮಟ್ಟಿಗೆ ಅನುಮಾನ ಇನ್ನೂ ಹೆಚ್ಚು. ಅಲ್ಲಿ ಇಂಥ ಪಾತ್ರೆಗಳಿಗೆ ಹೆಸರಾದ ಸ್ಟಾಫರ್ಡ್‌ಶೈರಿನ ಕಾರ್ಖಾನೆಗಳಲ್ಲಿ 19ನೇ ಶತಮಾನದುದ್ದಕ್ಕೂ ಸೀಸದ ಮೆರುಗು ಸಾಮಾನ್ಯವಾಗಿತ್ತು. ತಟ್ಟೆಗಳನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದ ಕೆಲಸಗಾರರು ಆ ವಿಷದಿಂದ ನರಳಿದರು. ಆ ನೀಲಿಯ ಹಿಂದೆ ಅವರ ಕೈಗಳೂ ಇವೆ ಎಂಬುದನ್ನು ನಾನು ಮರೆಯಲು ಬಯಸುವುದಿಲ್ಲ.

ಮಿಡಿಯನ್ನು ಹೊಸ ಗಾಜಿನ ಜಾಡಿಗೆ ಹಾಕಿದೆವು. ಅಮ್ಮ ಸಂಜೆಯವರೆಗೆ ಮಾತಾಡಲಿಲ್ಲ.

ಏಪ್ರಿಲ್ 30

ಅಂಟಿನ ಆಯ್ಕೆ. ಸಂಗ್ರಹಾಲಯದವರು ಮೆಚ್ಚುವುದು ಪ್ಯಾರಲಾಯ್ಡ್ ಬಿ-72 ಎಂಬ ರಾಳ. ಅಸಿಟೋನಿನಲ್ಲಿ ಕರಗಿಸಿ ಹಚ್ಚುತ್ತಾರೆ. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಅಸಿಟೋನಿನಲ್ಲೇ ಬಿಚ್ಚಬಹುದು. ಬೇರೆ ಊರಾಗಿದ್ದರೆ ಅದನ್ನೇ ಬಳಸುತ್ತಿದ್ದೆ. ಆದರೆ ಅದು 40 ಡಿಗ್ರಿ ಹತ್ತಿರ ಮೆತ್ತಗಾಗತೊಡಗುತ್ತದೆ, ಶಿವಮೊಗ್ಗದ ಬೇಸಿಗೆ ಆ ಅಂಕಿಯ ಸಮೀಪಕ್ಕೆ ಬರುತ್ತದೆ. ಹತ್ತಿರ ಹತ್ತಿರ ಒಂದೂವರೆ ಕಿಲೋ ಭಾರದ ಹರಿವಾಣ ತನ್ನ ತೂಕಕ್ಕೇ ನಿಧಾನವಾಗಿ ಜಾರಬಹುದು. ಹಾಗಾಗಿ ಅದಕ್ಕೆ ನಿಧಾನವಾಗಿ ಗಟ್ಟಿಯಾಗುವ, ಎರಡು ಟ್ಯೂಬಿನ ಎಪಾಕ್ಸಿ. ಕಪ್ಪಿನ ಹಿಡಿಗೆ ಬಿ-72.

ಜಪಾನಿನ ಅರಗು ಮತ್ತು ಚಿನ್ನದ ಪುಡಿಯಿಂದ ಒಡಕನ್ನು ಜೋಡಿಸುವ ಕಿಂತ್ಸುಗಿ ಮಾಡಬಾರದೇಕೆ ಎಂದು ಭಾವ ಕೇಳಿದರು. ಆ ಅರಗು ಬರುವ ಮರ ನಮ್ಮ ಗೇರು, ಮಾವಿನ ಕುಟುಂಬದ್ದು. ಚಿಕ್ಕಂದಿನಲ್ಲಿ ಹೊಲಗೇರಿನ ಸೊನೆ ತಾಗಿ ಹದಿನೈದು ದಿನ ಮುಖ ಊದಿಸಿಕೊಂಡು ಮಲಗಿದ್ದವರು ಆ ಅರಗನ್ನು ಮುಟ್ಟುವಂತಿಲ್ಲ. ಮೈ ಮೇಲೆ ಗುಳ್ಳೆ ಎಬ್ಬಿಸುವ ಅಂಶ ಎರಡರಲ್ಲೂ ಒಂದೇ ಬಗೆಯದು. ಆ ಅರಗು ಗಟ್ಟಿಯಾಗಲು ತೇವದ ಗಾಳಿಯಲ್ಲಿ ವಾರಗಟ್ಟಲೆ ಬೇಕು. ಅದೇ ಹೆಸರಿನಲ್ಲಿ ಮಾರುವ ಎಪಾಕ್ಸಿ ಮತ್ತು ಹಿತ್ತಾಳೆ ಪುಡಿಯ ಪೆಟ್ಟಿಗೆಗಳಿವೆ. ಅವು ನೋಡಲು ಚೆಂದ, ಊಟಕ್ಕೆ ಅಲ್ಲ.

ಮೇ 1

ಮೊದಲು ಅಂಟಿಲ್ಲದೆ ಜೋಡಿಸಿ ನೋಡಬೇಕು. ಚೂರುಗಳ ಬೆನ್ನಿಗೆ ಕಾಗದದ ಟೇಪು, ಅದರ ಮೇಲೆ ಪೆನ್ಸಿಲಿನಲ್ಲಿ ಸಂಖ್ಯೆ. ಕ್ರಮ ತಪ್ಪಿದರೆ ಕೊನೆಯ ಚೂರಿಗೆ ಒಳಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ನನ್ನದು 2, 1, 4, 5, ಕೊನೆಗೆ 3.

ಅಂಟನ್ನು ಒಂದೇ ಅಂಚಿಗೆ, ಬೆಂಕಿಕಡ್ಡಿಯ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಇಟ್ಟು, ಒತ್ತಿ, ಟೇಪನ್ನು ಎಳೆದು ಬಿಗಿದೆ. ಜೋಡಿಸಿದ ಭಾಗವನ್ನು ತೊಳೆದು ಒಣಗಿಸಿದ ಮರಳಿನ ಬೋಗುಣಿಯಲ್ಲಿ ನೆಟ್ಟೆ. ಮೇಲಿನ ಚೂರು ತನ್ನ ತೂಕದಿಂದಲೇ ಕೆಳಗಿನದರ ಮೇಲೆ ನೇರ ಕೂರಬೇಕು. ಆ ಓರೆ ಸಿಗುವವರೆಗೆ ಬೋಗುಣಿಯನ್ನು ತಿರುಗಿಸಿದೆ.

4ನೇ ಸಂಖ್ಯೆಯ ಚೂರಿನಲ್ಲಿ ತಪ್ಪಿತು. ಕಣ್ಣಿಗೆ ಸರಿಯಾಗಿಯೇ ಇತ್ತು, ಆದರೆ ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ತಡೆಯಿತು. ಅಷ್ಟು ಸಾಕು ಎಂದು ಬಿಟ್ಟಿದ್ದರೆ ಕೊನೆಗೆ ಬರುವ 3ನೇ ಸಂಖ್ಯೆಯದು ಕೂರುತ್ತಿರಲಿಲ್ಲ. ಒಂದು ಕಡೆಯ ಕೂದಲೆಳೆ ಇನ್ನೊಂದು ಕಡೆ ಭತ್ತದ ಕಾಳಿನಷ್ಟಾಗುತ್ತದೆ. ಅಂಟು ಇನ್ನೂ ಹಸಿ ಇತ್ತು. ಬಿಚ್ಚಿ, ಅಸಿಟೋನಿನಲ್ಲಿ ಎರಡೂ ಅಂಚು ಒರೆಸಿ, ಒಣಗಲು ಬಿಟ್ಟು, ರಾತ್ರಿ ಹತ್ತಕ್ಕೆ ಮತ್ತೆ ಕೂರಿಸಿದೆ. ಈ ಸಲ ಉಗುರು ಎಲ್ಲೂ ತಡೆಯಲಿಲ್ಲ.

ಮೇ 2ರಿಂದ 8

ಅಂಟು ರಬ್ಬರಿನ ಹದಕ್ಕೆ ಬಂದಾಗ ಹೊರಗೆ ಉಕ್ಕಿದ್ದನ್ನು ಬ್ಲೇಡನ್ನು ಮಲಗಿಸಿ ಹಿಡಿದು ಎತ್ತಿದೆ. ಪೂರ್ತಿ ಕಲ್ಲಾದ ಮೇಲೆ ಕೆರೆದರೆ ಮೆರುಗಿಗೆ ಗೀರು.

ಅಂಚಿನಲ್ಲಿ ಕಳೆದುಹೋದ ಚೂರಿನ ಜಾಗಕ್ಕೆ ಎಪಾಕ್ಸಿಗೆ ಟಾಲ್ಕಮ್ ಪುಡಿ ಕಲಸಿ, ಚಪಾತಿ ಹಿಟ್ಟಿನ ಹದಕ್ಕೆ ತಂದು ತುಂಬಿದೆ. ಸುತ್ತಲಿನ ಮೆರುಗಿಗೆ ಟೇಪು ಹಚ್ಚಿ, ನೀರು ಮುಟ್ಟಿಸಿದ ನಯವಾದ ಉಜ್ಜುಕಾಗದದಿಂದ ಸಮ ಮಾಡಿದೆ. ಅಲ್ಲಿ ನೀಲಿ ಬಳ್ಳಿಯನ್ನು ಬರೆಯಬಹುದಿತ್ತು, ಕುಂಚವನ್ನೂ ತಂದಿದ್ದೆ. ಬರೆಯಲಿಲ್ಲ. ಸುತ್ತಲಿನ ಬಿಳಿಗೆ ಹೊಂದುವ ಬಣ್ಣ ಮಾತ್ರ ಕೊಟ್ಟೆ. ಬಳ್ಳಿ ಅಲ್ಲಿಗೆ ಬಂದು ನಿಲ್ಲುತ್ತದೆ, ಎರಡು ಬೆರಳಿನಾಚೆ ಮತ್ತೆ ಶುರುವಾಗುತ್ತದೆ. ಒಡೆದದ್ದು ಗೊತ್ತಾಗಲಿ.

ಈಗ ತೂಕ 1,402 ಗ್ರಾಂ.

ಕಪ್‌ಗಳ ಕೆಲಸ ಬೇಗ ಮುಗಿಯಿತು. ಚಕ್ಕೆ ಎದ್ದ ಅಂಚನ್ನು ವಜ್ರದ ಪುಡಿಯ ಅರದಿಂದ, ನೀರು ಹಾಕುತ್ತ, ತುಟಿಗೆ ತಾಗದಂತೆ ನಯ ಮಾಡಿದೆ. ಹಿಡಿಯ ಹಳೆಯ ಅಂಟನ್ನು ಅಸಿಟೋನ್ ಬಿಡಿಸಿತು, ಹೊಸದಾಗಿ ಕೂರಿಸಿದೆ. ಆದರೆ ಆ ಕಪ್ಪಿನಲ್ಲಿ ಇನ್ನು ಯಾರೂ ಕಾಫಿ ಕುಡಿಯಬಾರದು. ಬಿಸಿಗೆ ಬಿ-72 ಮೆತ್ತಗಾಗುತ್ತದೆ. ಹಿಡಿ ಕಳಚಿದರೆ ಕುದಿಯುವ ಕಾಫಿ ತೊಡೆಯ ಮೇಲೆ.

ಗುಲಾಬಿ ತಟ್ಟೆಗಳು ಗೋಡೆಗೆ. ಅವುಗಳ ಕೆಂಪು ಬಣ್ಣವನ್ನು ಮೆರುಗಿನ ಮೇಲೆ ಬರೆದದ್ದು, ಬೆರಳಿಗೆ ತಡೆಯುತ್ತದೆ, ಅಲ್ಲಲ್ಲಿ ಸವೆದಿದೆ. ಅಂಥ ಬಣ್ಣದ ಮೇಲೆ ಅನ್ನ ಬಡಿಸಲು ನನಗೆ ಧೈರ್ಯವಿಲ್ಲ. ಸ್ಪ್ರಿಂಗ್ ಇರುವ ತಂತಿಯ ಹಿಡಿಕೆ ತಂದೆ, ಅದರ ಕೊಕ್ಕೆಗಳಿಗೆ ಮೀನಿನ ತೊಟ್ಟಿಗೆ ಬಳಸುವ ತೆಳು ಕೊಳವೆಯ ತುಂಡು ತೊಡಿಸಿದೆ. ಬರಿ ಲೋಹ ಅಂಚನ್ನು ಕಚ್ಚುತ್ತ ಕೂತರೆ ಒಂದು ದಿನ ಚಕ್ಕೆ ಏಳುತ್ತದೆ. ಬಾಗಿಲು ಬಡಿದಾಗ ಅದುರುವ ಗೋಡೆ ಬಿಟ್ಟು, ಎದುರಿನ ಗೋಡೆಯಲ್ಲಿ ತೂಗಿಸಿದೆ.

ಮೇ 17

ಸಂಜೆ ಮೇಜು ಹಾಕಿದೆ. ಅಜ್ಜಿಯದೇ ಒಂದು ಸವೆದ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ನಡುವೆ ಉದ್ದಕ್ಕೆ ಹಾಸಿದೆ. ಅದರ ಕೆಂಪು ಅಂಚಿನ ಪಕ್ಕದಲ್ಲಿ ವಿಲೋ ನೀಲಿ ಹೊಳೆಯಿತು. ಬಿಳಿ ಬಟ್ಟೆಯ ಮೇಲೆ ಇಟ್ಟು ನೋಡಿದ್ದೆ. ಅಲ್ಲಿ ಹರಿವಾಣ ಮಂಕಾಗಿ, ಬಿರುಕುಗಳೇ ಎದ್ದು ಕಂಡಿದ್ದವು.

ಜಾಡಿ ಮೇಜಿನ ತುದಿಗೆ, ತಳಕ್ಕೆ ಫೆಲ್ಟ್ ಬಟ್ಟೆಯ ನಾಲ್ಕು ತುಂಡು. ಒಳಗೆ ಸ್ಟೀಲಿನ ಉದ್ದ ಚೆಂಬು, ನೀರು ಅದರಲ್ಲಿ. ಚೆಂಬಿನಲ್ಲಿ ತೋಟದಿಂದ ತಂದ ಒಂದು ಹಿಂಗಾರ, ಅಡಿಕೆಯ ಹೂಗೊಂಚಲು. ಕಂದು ಜಾಡಿಯ ಬಾಯಿಂದ ಕೆನೆಬಣ್ಣದ ಹಿಂಗಾರ ಚೆಲ್ಲಿಕೊಂಡು ನಿಂತದ್ದನ್ನು ನೋಡಿ ಅಮ್ಮ ಅದರ ಸೀಳಿರುವ ಮಗ್ಗುಲನ್ನು ಗೋಡೆಯ ಕಡೆಗೆ ತಿರುಗಿಸಿದಳು. ಐದು ನಿಮಿಷ ಬಿಟ್ಟು ಬಂದು, ಮತ್ತೆ ಈ ಕಡೆಗೇ ತಿರುಗಿಸಿದಳು.

ಮೇ 18

ಊಟ ಬಾಳೆಲೆಯಲ್ಲೇ. ಅಪ್ಪೆಹುಳಿ, ಒಂದೆಲಗದ ತಂಬುಳಿ, ಹಲಸಿನಕಾಯಿ ಪಲ್ಯ. ಹುಳಿಯದ್ದೆಲ್ಲ ಸ್ಟೀಲಿನಿಂದ ಬಡಿಸಿದೆವು. ಮಿಡಿ ಗಾಜಿನ ಜಾಡಿಯಿಂದ. ವಿಲೋ ಹರಿವಾಣಕ್ಕೆ ಬಾಡಿಸಿದ ಬಾಳೆಲೆಯನ್ನು ಅದರ ಒಳಗಿನ ಅಳತೆಗೆ ಕತ್ತರಿಸಿ ಹಾಸಿ, ಅದರ ಮೇಲೆ ತೊಡೆದೇವು ಇಟ್ಟೆ. ಬೋರಲು ಹಾಕಿದ ಮಣ್ಣಿನ ಮಡಕೆಯ ಬೆನ್ನಿನ ಮೇಲೆ ಹುಯ್ದು ತೆಗೆಯುವ, ಕಾಗದದಂಥ ಸಿಹಿ. ಒಣಗಿದ್ದು, ಹುಳಿಯಿಲ್ಲ, ಬಿಸಿಯಿಲ್ಲ, ಕೆಳಗೆ ಎಲೆ ಬೇರೆ. ಅಂಚಿನ ನೀಲಿ ಬಳ್ಳಿ ಎಲೆಯ ಸುತ್ತ ಪೂರ್ತಿ ಕಾಣುತ್ತಿತ್ತು. ಹರಿವಾಣವನ್ನು ಕೈಯಿಂದ ಕೈಗೆ ದಾಟಿಸಬಾರದು ಎಂದು ಮೊದಲೇ ಹೇಳಿದ್ದೆ. ಎಲ್ಲರೂ ಎದ್ದು ಬಂದು ತೆಗೆದುಕೊಂಡರು, ಬಂದವರೆಲ್ಲ ಬಳ್ಳಿ ನಿಂತುಹೋದ ಜಾಗಕ್ಕೆ ಬೆರಳಿಟ್ಟು ನೋಡಿದರು.

ಊಟದ ಮೇಲೆ ಕವಳ. ಹಿಡಿ ಅಂಟಿಸಿದ ಕಪ್ಪಿನಲ್ಲಿ ಲವಂಗ, ಏಲಕ್ಕಿ. ಚಕ್ಕೆ ಎದ್ದದ್ದರಲ್ಲಿ ಕತ್ತರಿಸಿದ ಅಡಿಕೆ. ಗಟ್ಟಿ ಕಪ್‌ಗಳಲ್ಲಿ ನಾಲ್ವರು ಹಿರಿಯರಿಗೆ ಕಾಫಿ, ಮೊದಲು ಬಿಸಿನೀರು ಆಡಿಸಿ ಬೆಚ್ಚಗೆ ಮಾಡಿ. ದೊಡ್ಡಮ್ಮ ಕಪ್ಪನ್ನು ಬೆಳಕಿಗೆ ಹಿಡಿದು, "ಇದರಲ್ಲಿ ನಿನ್ನ ಅಜ್ಜ ಮಾತ್ರ ಕುಡಿಯುತ್ತಿದ್ದರು. ನಮಗೆ ಹಿತ್ತಾಳೆ ಲೋಟ" ಎಂದರು. ಎರಡನೆಯ ಸಲವೂ ಹಾಕಿಸಿಕೊಂಡರು.

ಮೇ 19ರಿಂದ 22

ತೊಳೆಯುವ ಕೆಲಸ ಯಾರಿಗೂ ಬಿಡಲಿಲ್ಲ. ಸಿಂಕಿನಲ್ಲಿ ಟವೆಲ್ ಹಾಸಿ, ಕಪ್‌ಗಳನ್ನು ಒಂದೊಂದಾಗಿ ಉಗುರುಬೆಚ್ಚಗಿನ ನೀರಿನಲ್ಲಿ, ಚಿನ್ನದ ಅಂಚನ್ನು ಉಜ್ಜದೆ. ಹರಿವಾಣವನ್ನು ನೀರಿಗಿಳಿಸಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದೆ.

ಒರೆಸಿದ ಮೇಲೆ ತಕ್ಕಡಿಗಿಟ್ಟರೆ 1,405. ಮೂರು ಗ್ರಾಂ. ಎಲೆಯ ತೇವವೋ ಬಟ್ಟೆಯದ್ದೋ, ಮೆರುಗಿನ ಬಿರುಕಿನಿಂದ ಇಳಿದಿದೆ. ಫ್ಯಾನಿನ ಕೆಳಗೆ ನಿಲ್ಲಿಸಿದೆ. ಇಪ್ಪತ್ತನೆಯ ತಾರೀಕು 1,404. ಇಪ್ಪತ್ತೆರಡಕ್ಕೆ 1,402. ಮರದ ಸ್ಟ್ಯಾಂಡಿನ ಮೇಲೆ, ಊಟದ ಕೋಣೆಯ ಕಪಾಟಿನಲ್ಲಿ ಕೂರಿಸಿ ಗಾಜಿನ ಬಾಗಿಲು ಮುಚ್ಚಿದೆ. ಹಿಂಗಾರ ಬಾಡಿತ್ತು, ಅಮ್ಮ ಬೇರೆ ತರಿಸಿದ್ದಾಳೆ.